ಬಡ್ಡಿಯ ದುಡ್ಡು ಕೇರಿಯಲ್ಲೇ ಉಳಿಯಲಿ

(ಸಿರುಗುಪ್ಪದ ಕೂಲಿಕಾರರ ಸಭೆಯಲ್ಲಿ ಆಡಿದ ಮಾತುಗಳು)



ಪದ ಕಟ್ಟೋ ಹುಡುಗರಿಗೆ ಬಡ್ಡಿ ಲೆಕ್ಕ ಏನು ಗೊತ್ತು ಅಂತ ನೀವು ನಗಬಹುದು. ನಗ್ರಿ. ಈ ಲೆಕ್ಕ ನಾವು ಕಾಲೇಜಿನಲ್ಲಿ ಕಲಿತದ್ದಲ್ಲ. ನಮ್ಮವ್ವಂದಿರು ಸೆರಗಿನ ಗಂಟು ಬಿಚ್ಚಿ ವಾರದ ಕಂತು ಎಣಿಸುವಾಗ ಮಗ್ಗುಲಲ್ಲಿ ಕುಂತು ಕಲಿತದ್ದು. ಬಾಬಾಸಾಹೇಬರು ರೂಪಾಯಿಯ ಸಮಸ್ಯೆಯ ಮೇಲೆ ಪುಸ್ತಕ ಪ್ರಕಟಿಸಿದ್ದು 1923ರಲ್ಲಿ. ದುಡ್ಡಿನ ಮಾತು ನಮಗೆ ಹೊಸದಲ್ಲ.

ಇಲ್ಲಿ ಬತ್ತದ ನಾಟಿ ಮಾಡುವ ಅಕ್ಕಂದಿರಿದ್ದೀರಿ, ಅಕ್ಕಿ ಗಿರಣಿಯ ಹಮಾಲರಿದ್ದೀರಿ. ಕುರುಗೋಡಿನಿಂದ ಮೆಣಸಿನಕಾಯಿ ಬಿಡಿಸುವವರು ಬಂದಿದ್ದೀರಿ, ಬಳ್ಳಾರಿಯಿಂದ ಜೀನ್ಸ್ ಹೊಲಿಯುವ ತಮ್ಮಂದಿರು ಬಂದಿದ್ದೀರಿ. ದುಡಿಮೆ ಬೇರೆ ಬೇರೆ, ಸಾಲ ಮಾತ್ರ ಒಂದೇ. ತುಂಗಭದ್ರೆಯ ಕಾಲುವೆಗೆ ನೀರು ನಿಂತರೆ ಕೂಲಿ ನಿಲ್ಲುತ್ತದೆ, ಹಸಿವು ನಿಲ್ಲುವುದಿಲ್ಲ. ಆಗ ನಾವು ಹೋಗಿ ನಿಲ್ಲುವುದು ಸಾಹುಕಾರನ ಬಾಗಿಲಿಗೆ.

ಒಂದು ಲೆಕ್ಕ ಹಾಕೋಣ. ತಿಂಗಳಿಗೆ ನೂರಕ್ಕೆ 5 ರೂಪಾಯಿ ಬಡ್ಡಿಯಂತೆ 10,000 ರೂಪಾಯಿ ತಂದಿರಿ ಅನ್ನಿ. ತಿಂಗಳಿಗೆ 500, ವರ್ಷಕ್ಕೆ 6,000 ಕಟ್ಟಿದಿರಿ. ಅಸಲು 10,000 ಹಾಗೇ ಕುಂತಿರುತ್ತದೆ. ಅದೇ ದುಡ್ಡನ್ನು ನಮ್ಮದೇ ಪತ್ತಿನ ಸಂಘ ನೂರಕ್ಕೆ 1 ರೂಪಾಯಿಯಂತೆ ಕೊಟ್ಟು, 12 ಕಂತಿನಲ್ಲಿ ಅಸಲನ್ನೂ ಮುರಿದುಕೊಳ್ಳುತ್ತಾ ಬಂದರೆ, ಉಳಿದ ಅಸಲಿಗಷ್ಟೇ ಬಡ್ಡಿ. ವರ್ಷಕ್ಕೆ 650 ರೂಪಾಯಿ. ವರ್ಷದ ಕೊನೆಗೆ ಸಾಲವೂ ಇಲ್ಲ! ಆ 650 ಕೂಡ ಎಲ್ಲಿಗೆ ಹೋಯಿತು? ಸಂಘದ ಪೆಟ್ಟಿಗೆಗೆ. ಅದರಿಂದ ಇನ್ನೊಬ್ಬ ಅಕ್ಕನ ಮಗಳ ಫೀಜು ಕಟ್ಟೋದಕ್ಕೆ ಸಾಲ ಹುಟ್ಟುತ್ತದೆ.

ಸರ್ಕಾರ ಏನೂ ಮಾಡಿಲ್ಲವೇ ಅಂತ ಕೇಳಬಹುದು. ಮಾಡಿದೆ. 1976ರಲ್ಲಿ ಜೀತ ರದ್ದಿನ ಕಾನೂನು ಬಂತು. ಅದೇ ವರ್ಷ ಕರ್ನಾಟಕದಲ್ಲಿ ಋಣ ಪರಿಹಾರ ಕಾಯ್ದೆ ಬಂತು. ಹಳೆ ಪತ್ರ ಹರಿದವು, ಆದರೆ ಸಾಲದ ಅಗತ್ಯ ಹರಿಯಲಿಲ್ಲ. ಮಗು ಕಾಯಿಲೆ ಬಿದ್ದ ರಾತ್ರಿ ಮತ್ತೆ ಅದೇ ಬಾಗಿಲು. 2025ರಲ್ಲಿ ಫೈನಾನ್ಸಿನವರ ಕಿರುಕುಳದ ವಿರುದ್ಧ ಇನ್ನೊಂದು ಕಾನೂನು ಬಂದಿದೆ. ಅದು ಬಾಗಿಲಿಗೆ ಬಂದು ಬೈಯುವವನನ್ನು ತಡೆಯಬಹುದು, ನಮ್ಮ ಕೈಗೆ ದುಡ್ಡು ಕೊಡುವುದಿಲ್ಲ.

ಹಂಗಾದರೆ ಸಹಕಾರ ಸಂಘ ಇಲ್ಲವೇ? ಐತಿ. ಬಹಳ ಹಳೇದು. 1904ರ ಕಾಯ್ದೆ ಬಂದ ಮರುವರ್ಷವೇ, 1905ರಲ್ಲಿ, ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದರು. ಅದು ದೊಡ್ಡ ಕೆಲಸ, ಅಲ್ಲಗಳೆಯುವುದಿಲ್ಲ. ಆದರೆ ಇವತ್ತಿಗೂ ಕೃಷಿ ಪತ್ತಿನ ಸಂಘದ ಬೆಳೆ ಸಾಲ ಪಹಣಿ ನೋಡಿ ಕೊಡುತ್ತಾರೆ. ಪಹಣಿ ಇದ್ದವರಿಗೆ 5 ಲಕ್ಷದವರೆಗೂ ಬಡ್ಡಿ ಇಲ್ಲದ ಸಾಲ ಎಂದು 2023ರಲ್ಲಿ ಘೋಷಣೆಯಾಯಿತು. ಆ ಹೊಲದಲ್ಲಿ ಬಗ್ಗಿ ನಾಟಿ ಹಚ್ಚುವ ನಮ್ಮಕ್ಕನಿಗೆ? ಅವಳಿಗೆ ನೂರಕ್ಕೆ 5 ಬಡ್ಡಿ! ಹೊಲ ಇದ್ದವರಿಗೆ ಬಡ್ಡಿ ಇಲ್ಲ, ಹೊಲ ಇಲ್ಲದವರಿಗೆ ಬಡ್ಡಿಯೇ ಎಲ್ಲಾ. ಇದು ಯಾವ ನ್ಯಾಯ?

ಅದಕ್ಕೇ ನಾವು ಹೇಳುವುದು, ಪಹಣಿ ಕೇಳದ ಸಂಘ ಬೇಕು. ದುಡಿಮೆಯೇ ಆಧಾರ, ಒಬ್ಬರಿಗೊಬ್ಬರು ಜಾಮೀನು. ಸದಸ್ಯರ ಷೇರು, ಸದಸ್ಯರ ಉಳಿತಾಯ, ಸಾಲವೂ ಸದಸ್ಯರಿಗೇ. ಹತ್ತು ಷೇರು ಇದ್ದವನಿಗೂ ಒಂದೇ ಓಟು, ಒಂದು ಷೇರು ಇದ್ದವಳಿಗೂ ಒಂದೇ ಓಟು. ಬ್ಯಾಂಕಿನಲ್ಲಿ ನಾವು ಗಿರಾಕಿಗಳು, ಇಲ್ಲಿ ಒಡೆಯರು. 2011ರ 97ನೇ ತಿದ್ದುಪಡಿಯಿಂದ ಸಹಕಾರ ಸಂಘ ಕಟ್ಟುವುದು ಸಂವಿಧಾನದ 19ನೇ ವಿಧಿಯಲ್ಲಿ ಮೂಲಭೂತ ಹಕ್ಕಾಗಿದೆ. ಯಾರ ಅಪ್ಪಣೆಗೂ ಕೈ ಮುಗಿಯಬೇಕಿಲ್ಲ.

ಇನ್ನು ಕಹಿ ಮಾತು. ನಮ್ಮ ಕೇರಿಯಲ್ಲಿ ಹಿಂದೊಮ್ಮೆ ಒಂದು ಸಂಘ ಇತ್ತು. ಹೆಸರು ಬೇಡ. ನಾವು ಹೆಬ್ಬೆಟ್ಟು ಒತ್ತಿದೆವು, ಪುಸ್ತಕ ಬೇರೆಯವರ ಮನೆಯಲ್ಲಿತ್ತು. ಸಭೆ ಕರೆದರೆ ಹೋಗಲಿಲ್ಲ, ಕೂಲಿ ತಪ್ಪುತ್ತದೆ ಅಂದೆವು. ಒಂದು ದಿನ ಬಾಗಿಲಿಗೆ ಬೀಗ ಬಿತ್ತು. ಮೋಸ ಮಾಡಿದವರದು ಒಂದು ತಪ್ಪು, ಲೆಕ್ಕ ಕೇಳದ ನಮ್ಮದು ಇನ್ನೊಂದು. ಸಾಲ ತಂದು ತೀರಿಸದೆ ತಲೆ ತಪ್ಪಿಸಿಕೊಂಡ ನಮ್ಮ ಅಣ್ಣಂದಿರದೂ ತಪ್ಪು. ಸಾಹುಕಾರನಿಗೆ ಹೆದರಿ ಕಟ್ಟುತ್ತೀವಿ, ನಮ್ಮವರದು ಅಂದರೆ ಸಸಾರ. ಈ ಗುಣ ಬಿಡಬೇಕು.

ಇನ್ನೂ ಒಂದು ತಿಳಿದಿರಿ. ಬ್ಯಾಂಕಿನ ಠೇವಣಿಗೆ 2020ರಿಂದ 5 ಲಕ್ಷದವರೆಗೆ ವಿಮೆ ಇದೆ. ಪತ್ತಿನ ಸಂಘದ ಠೇವಣಿಗೆ ಆ ವಿಮೆ ಇಲ್ಲ. ಇಲ್ಲಿ ಕಾವಲು ನಾವೇ. ತಿಂಗಳಾ ಲೆಕ್ಕವನ್ನು ಕೇರಿಯ ನಡುವೆ ಗಟ್ಟಿಯಾಗಿ ಓದಿಸಬೇಕು. ವರ್ಷಾ ಲೆಕ್ಕ ಪರಿಶೋಧನೆ ಆಗಬೇಕು. ಪಾಸ್ ಬುಕ್ಕು ಅವರವರ ಮನೆಯಲ್ಲೇ ಇರಬೇಕು. ಓದು ಬಾರದ ಅವ್ವನ ಪಾಸ್ ಬುಕ್ಕನ್ನು ಓದುವ ಮಗಳು ನೋಡಲಿ. ಮಂಡಳಿಯಲ್ಲಿ ಹೆಣ್ಣುಮಕ್ಕಳು ಇರಲೇಬೇಕು. ಕಂತು ತಪ್ಪದೆ ಕಟ್ಟುವವರು ಅವರೇ.

ಮಾತು ಸಾಕು. ಈ ಸಭೆ ಮುಗಿಯುವ ಮೊದಲು ಮೂರೂ ಊರಿನಿಂದ ಇಬ್ಬಿಬ್ಬರ ಹೆಸರು ಹೇಳ್ರಿ. ಬಳ್ಳಾರಿಯ ಸಹಕಾರ ಇಲಾಖೆಯ ಕಛೇರಿಗೆ ಹೋಗಿ ನೋಂದಣಿಯ ಕಾಗದ ತರೋಣ. ಆ ಕಾಗದ ಓದಿ ಹೇಳುವ ಕೆಲಸ ನಮ್ಮದು. ಹೆಬ್ಬೆಟ್ಟು ಒತ್ತುವ ಮೊದಲು ಓದಿಸಿ ಕೇಳುವ ಕೆಲಸ ನಿಮ್ಮದು.

ಜೈ ಭೀಮ್.