ವೃತ್ತಿಪರ ಟೆನಿಸ್ ಮತ್ತು ದಖ್ಖನಿನ ಹೆಣ್ಣುಮಗಳು: ಸಾನಿಯಾ ಮಿರ್ಜಾ ಅವರ ಎರಡು ದಶಕಗಳು

ಬೀದರ, ಭಾಲ್ಕಿ, ಔರಾದಗಳು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದ ಭಾಗವಾಗಿದ್ದವು. ರಾಜ್ಯಗಳ ಗೆರೆ ಬದಲಾದ ಮೇಲೂ ಆಸ್ಪತ್ರೆ, ವ್ಯಾಪಾರ, ವಿದ್ಯಾಭ್ಯಾಸ ಮತ್ತು ನೆಂಟಸ್ತಿಕೆಗಳಿಗಾಗಿ ಈ ಭಾಗದ ಜನ ಹೈದರಾಬಾದಿನ ದಾರಿ ಹಿಡಿಯುವುದು ನಿಂತಿಲ್ಲ. ಆದ್ದರಿಂದ ಆ ನಗರದಲ್ಲಿ ಬೆಳೆದು, ಮಹಿಳಾ ಡಬಲ್ಸ್ ಟೆನಿಸ್‌ನಲ್ಲಿ ಜಗತ್ತಿನ ಮೊದಲ ಸ್ಥಾನಕ್ಕೇರಿದ ಸಾನಿಯಾ ಮಿರ್ಜಾ ಅವರ ವೃತ್ತಿಜೀವನವು ಬೀದರ ಜಿಲ್ಲೆಯ ಜನರಿಗೆ ದೂರದ ಸಂಗತಿಯಲ್ಲ. ಆದರೆ ಅವರ ಉಡುಪು, ಮದುವೆ ಮತ್ತು ಮಾತುಗಳ ಬಗ್ಗೆ ನಡೆದಷ್ಟು ಚರ್ಚೆ ಅವರ ಆಟದ ಬಗ್ಗೆ ನಡೆದಿಲ್ಲ. ನಡೆದಲ್ಲಿಯೂ, ಸಿಂಗಲ್ಸ್‌ನಲ್ಲಿ ಸಾಧಿಸಲಾಗದ್ದಕ್ಕೆ ಅವರು ಡಬಲ್ಸ್‌ಗೆ ಸರಿದರೆಂಬ ಅಭಿಪ್ರಾಯವೇ ಹೆಚ್ಚಾಗಿ ಕೇಳಿಬಂದಿದೆ. ಆ ಅಭಿಪ್ರಾಯ ತಪ್ಪೆಂದೂ, ಡಬಲ್ಸ್ ಕಡೆಗಿನ ತಿರುವು ಅವರ ವೃತ್ತಿಜೀವನದ ಅತ್ಯಂತ ಪ್ರೌಢ ನಿರ್ಧಾರವೆಂದೂ ಈ ಉಪನ್ಯಾಸವು ವಾದಿಸುತ್ತದೆ.

ವೃತ್ತಿಪರ ಟೆನಿಸ್ ಎಂದರೇನೆಂಬುದನ್ನು ಮೊದಲು ಸ್ಪಷ್ಟಪಡಿಸಿಕೊಳ್ಳಬೇಕು. ಕ್ರಿಕೆಟಿಗರಿಗೆ ಮಂಡಳಿಯ ಗುತ್ತಿಗೆ, ತಂಡದ ತರಬೇತುದಾರ, ಪ್ರಯಾಣದ ವ್ಯವಸ್ಥೆಗಳಿರುತ್ತವೆ. ಟೆನಿಸ್ ಆಟಗಾರ್ತಿಗೆ ಸಂಬಳವಿಲ್ಲ, ತರಬೇತುದಾರರ ಶುಲ್ಕದಿಂದ ಹಿಡಿದು ವಿಮಾನದ ಟಿಕೆಟ್‌ವರೆಗೆ ಎಲ್ಲವೂ ಅವಳದೇ ಖರ್ಚು, ಗೆದ್ದರಷ್ಟೇ ಆದಾಯ. ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್, ಅಂದರೆ ಐಟಿಎಫ್, ನಡೆಸುವ ಸಣ್ಣ ಪಂದ್ಯಾವಳಿಗಳು ಈ ಏಣಿಯ ಕೆಳಗಿನ ಮೆಟ್ಟಿಲುಗಳು. ಸಾನಿಯಾ ಆಟಕ್ಕಿಳಿದ ಕಾಲದಲ್ಲಿ ಅವುಗಳಲ್ಲಿ ತೀರ ಕೆಳಹಂತದ ಪಂದ್ಯಾವಳಿಯ ಒಟ್ಟು ಬಹುಮಾನವೇ 10,000 ಡಾಲರ್ ಆಗಿದ್ದು, ಅದು ಹತ್ತಾರು ಆಟಗಾರ್ತಿಯರಲ್ಲಿ ಹಂಚಿಹೋಗುತ್ತಿತ್ತು. ಅದರ ಮೇಲಿನದು 1973ರಲ್ಲಿ ಬಿಲ್ಲಿ ಜೀನ್ ಕಿಂಗ್ ಅವರ ಮುಂದಾಳತ್ವದಲ್ಲಿ ಸ್ಥಾಪನೆಯಾದ ಮಹಿಳಾ ಟೆನಿಸ್ ಸಂಸ್ಥೆ, ಅಂದರೆ ಡಬ್ಲ್ಯುಟಿಎ, ನಡೆಸುವ ಪ್ರವಾಸ ಸರಣಿ. ಎಲ್ಲಕ್ಕೂ ಮೇಲೆ ಆಸ್ಟ್ರೇಲಿಯ, ಫ್ರಾನ್ಸ್, ವಿಂಬಲ್ಡನ್ ಮತ್ತು ಅಮೆರಿಕದ ನಾಲ್ಕು ಗ್ರ್ಯಾಂಡ್ ಸ್ಲಾಮ್‌ಗಳು. ರ‍್ಯಾಂಕಿಂಗ್ ಎಂಬುದು ಕಳೆದ 52 ವಾರಗಳಲ್ಲಿ ಗಳಿಸಿದ ಅಂಕಗಳ ಲೆಕ್ಕ. ಈ ವರ್ಷ ಒಂದು ಪಂದ್ಯಾವಳಿಯಲ್ಲಿ ಪಡೆದ ಅಂಕಗಳು ಮುಂದಿನ ವರ್ಷ ಅದೇ ಹೊತ್ತಿಗೆ ಅಳಿಸಿಹೋಗುವುದರಿಂದ, ಗಾಯಗೊಂಡು ಆರು ತಿಂಗಳು ಮನೆಯಲ್ಲಿ ಕುಳಿತವಳು ಅರ್ಧ ಏಣಿ ಇಳಿದಿರುತ್ತಾಳೆ. ಸಾನಿಯಾ ಅವರ ಎರಡು ದಶಕಗಳನ್ನು ಈ ನಿಯಮದ ಹಿನ್ನೆಲೆಯಲ್ಲಿಯೇ ಅಳೆಯಬೇಕು.

1986ರ ನವೆಂಬರ್ 15ರಂದು ಮುಂಬಯಿಯಲ್ಲಿ ಹುಟ್ಟಿ ಹೈದರಾಬಾದಿನಲ್ಲಿ ಬೆಳೆದ ಅವರು ಆರನೆಯ ವಯಸ್ಸಿನಲ್ಲಿ ರ‍್ಯಾಕೆಟ್ ಹಿಡಿದರು; ತಂದೆ ಇಮ್ರಾನ್ ಮಿರ್ಜಾ ಅವರೇ ಬಹುಕಾಲ ತರಬೇತುದಾರರಾಗಿದ್ದರು. ಕೆಮ್ಮಣ್ಣನ್ನು ಹದಮಾಡಿ, ಮೇಲೆ ಸಗಣಿ ಸಾರಿಸಿ ಗಟ್ಟಿಗೊಳಿಸಿದ ಅಂಗಣಗಳಲ್ಲಿ ತಾವು ಆಟ ಕಲಿತುದನ್ನು ಅವರು ಮುಂದೆ ಹಲವು ಬಾರಿ ನೆನೆದಿದ್ದಾರೆ. ಆ ಕಾಲದ ಭಾರತದಲ್ಲಿ ಟೆನಿಸ್ ಅನ್ನೇ ಜೀವನೋಪಾಯ ಮಾಡಿಕೊಂಡ ಹೆಣ್ಣುಮಕ್ಕಳು ವಿರಳ. ಕೊಯಮತ್ತೂರಿನ ನಿರುಪಮಾ ವೈದ್ಯನಾಥನ್ 1998ರ ಆಸ್ಟ್ರೇಲಿಯನ್ ಓಪನ್‌ನಲ್ಲಿ ಮೊದಲ ಸುತ್ತು ಗೆದ್ದುದೇ ಆಧುನಿಕ ಯುಗದಲ್ಲಿ ಭಾರತೀಯ ಮಹಿಳೆಯೊಬ್ಬರ ಮೊದಲ ಗ್ರ್ಯಾಂಡ್ ಸ್ಲಾಮ್ ಸಿಂಗಲ್ಸ್ ಗೆಲುವಾಗಿತ್ತು. 2003ರಲ್ಲಿ ಸಾನಿಯಾ ವೃತ್ತಿಪರರಾದರು, ರಷ್ಯದ ಅಲೀಸಾ ಕ್ಲೇಬನೋವಾ ಜೊತೆಗೂಡಿ ವಿಂಬಲ್ಡನ್ ಬಾಲಕಿಯರ ಡಬಲ್ಸ್ ಗೆದ್ದರು, ಅದೇ ವರ್ಷ ಹೈದರಾಬಾದಿನಲ್ಲೇ ನಡೆದ ಆಫ್ರೋ-ಏಷ್ಯನ್ ಕ್ರೀಡಾಕೂಟದಲ್ಲಿ ನಾಲ್ಕು ಚಿನ್ನ ಪಡೆದರು. ಮೊದಲ ದೊಡ್ಡ ಕಿರೀಟವು ಡಬಲ್ಸ್‌ನಲ್ಲೇ ಬಂದುದು ಗಮನಿಸತಕ್ಕದ್ದು. ಆಗ ಅದನ್ನು ಯಾರೂ ಮುನ್ಸೂಚನೆಯೆಂದು ಓದಲಿಲ್ಲ.

2005ನೆಯ ವರ್ಷ ಅವರನ್ನು ದೇಶದ ಮನೆಮಾತಾಗಿಸಿತು. ಜನವರಿಯಲ್ಲಿ ಆಸ್ಟ್ರೇಲಿಯನ್ ಓಪನ್‌ನ ಮೂರನೆಯ ಸುತ್ತು ತಲುಪಿ ಸೆರೆನಾ ವಿಲಿಯಮ್ಸ್ ಅವರಿಗೆ ಸೋತರು. ಫೆಬ್ರುವರಿಯಲ್ಲಿ ಹೈದರಾಬಾದ್ ಓಪನ್ ಗೆದ್ದು ಡಬ್ಲ್ಯುಟಿಎ ಸಿಂಗಲ್ಸ್ ಪ್ರಶಸ್ತಿ ಪಡೆದ ಮೊದಲ ಭಾರತೀಯ ಮಹಿಳೆಯಾದರು. ದುಬೈಯಲ್ಲಿ ಆಗಿನ ಅಮೆರಿಕನ್ ಓಪನ್ ವಿಜೇತೆ ಸ್ವೆಟ್ಲಾನಾ ಕುಜ್ನೆತ್ಸೋವಾ ಅವರನ್ನು ನೇರ ಸೆಟ್‌ಗಳಲ್ಲಿ ಸೋಲಿಸಿದರು. ಸೆಪ್ಟೆಂಬರಿನಲ್ಲಿ ಅಮೆರಿಕನ್ ಓಪನ್‌ನ ನಾಲ್ಕನೆಯ ಸುತ್ತಿನಲ್ಲಿ ಮರಿಯಾ ಶರಪೋವಾ ಅವರಿಗೆ ಸೋಲುವವರೆಗೆ ಸಾಗಿದರು. ಈ ಓಟದ ಹಿಂದಿದ್ದ ಅಸ್ತ್ರ ಒಂದೇ, ಅವರ ಫೋರ್‌ಹ್ಯಾಂಡ್, ಅಂದರೆ ಬಲಗೈ ಆಟಗಾರ್ತಿಯು ದೇಹದ ಬಲಬದಿಯಿಂದ ಬೀಸುವ ಹೊಡೆತ. ಅವರ ಮಣಿಕಟ್ಟಿನ ಕೀಲುಗಳು ಸಾಮಾನ್ಯಕ್ಕಿಂತ ಹೆಚ್ಚು ಸಡಿಲವಾಗಿದ್ದುದರಿಂದ ಕೊನೆಯ ಕ್ಷಣದಲ್ಲಿ ಚೆಂಡಿನ ದಿಕ್ಕು ಬದಲಿಸುವುದೂ ಅದಕ್ಕೆ ಅಪಾರ ವೇಗ ಕೊಡುವುದೂ ಸಾಧ್ಯವಾಗುತ್ತಿತ್ತು, ಎದುರಾಳಿಗೆ ಸುಳಿವು ಸಿಗುತ್ತಿರಲಿಲ್ಲ. 2007ರ ಆಗಸ್ಟ್‌ನಲ್ಲಿ ಅವರು ಸಿಂಗಲ್ಸ್‌ನಲ್ಲಿ 27ನೆಯ ಸ್ಥಾನಕ್ಕೇರಿದರು. ಭಾರತದ ಬೇರಾವ ಮಹಿಳೆಯೂ ಆ ಎತ್ತರವನ್ನು ಮುಟ್ಟಿಲ್ಲ.

ಹೈದರಾಬಾದ್ ಓಪನ್ 2006ರಲ್ಲಿ ಬೆಂಗಳೂರಿಗೆ ಸ್ಥಳಾಂತರಗೊಂಡಿತು, ಹೀಗಾಗಿ ಕರ್ನಾಟಕದ ನೆಲದಲ್ಲಿ ಮೂರು ವರ್ಷ ಡಬ್ಲ್ಯುಟಿಎ ಟೆನಿಸ್ ನಡೆಯಿತು. ಮೊದಲ ವರ್ಷವೇ ಸಾನಿಯಾ, ಲೀಜೆಲ್ ಹ್ಯೂಬರ್ ಜೊತೆಗೆ ಅಲ್ಲಿ ಡಬಲ್ಸ್ ಗೆದ್ದರು. ಆದರೆ 2008ರ ಬೆಂಗಳೂರು ಪಂದ್ಯಾವಳಿಯಿಂದ ಅವರು ದೂರ ಉಳಿದರು. ಭಾರತದಲ್ಲಿ ಆಡಿದಾಗಲೆಲ್ಲ ಒಂದಲ್ಲ ಒಂದು ವಿವಾದ ಎದ್ದುಬರುತ್ತಿದ್ದುದು ಅದಕ್ಕೆ ಕಾರಣವಾಗಿತ್ತು. 2005ರಲ್ಲಿಯೇ ಅವರ ಆಟದ ಉಡುಪಿನ ವಿರುದ್ಧ ಫತ್ವಾ ಹೊರಟು, ಭದ್ರತೆಯ ನಡುವೆ ಆಡಬೇಕಾಗಿ ಬಂದಿತ್ತು. ಹದಿನೆಂಟು ವರ್ಷದ ಹುಡುಗಿಯೊಬ್ಬಳು ಜಗತ್ತಿನ ಮೊದಲ ನಲವತ್ತರೊಳಗೆ ಬಂದಾಗ ಸಮಾಜವು ಆಕೆಯ ಲಂಗದ ಉದ್ದವನ್ನು ಅಳೆಯಲು ಹೊರಟುದು ನೋವಿನ ಸಂಗತಿ, ಮತ್ತು ಆ ನೋವು ಒಂದೇ ಸಮುದಾಯಕ್ಕೆ ಸೇರಿದ್ದಲ್ಲ. ಹೆಣ್ಣುಮಕ್ಕಳು ಹೈಸ್ಕೂಲು ಮುಟ್ಟುತ್ತಲೇ ಮೈದಾನದಿಂದ ಮನೆಯೊಳಕ್ಕೆ ಕರೆಸಿಕೊಳ್ಳುವ ರೂಢಿ ಎಲ್ಲ ಓಣಿಗಳಲ್ಲಿಯೂ ಇದೆ.

ಸಾಧನೆಗೆ ಸೌಕರ್ಯ ಎಷ್ಟು ಮುಖ್ಯ, ಡಬಲ್ಸ್‌ನ ಬೆಲೆ ಎಷ್ಟು ಎಂಬುದು ಇದೇ ಕಾಲದ ಸರ್ಬಿಯ ದೇಶದೊಡನೆ ಹೋಲಿಸಿದರೆ ಸ್ಪಷ್ಟವಾಗುತ್ತದೆ. ಸುಮಾರು 70 ಲಕ್ಷ ಜನಸಂಖ್ಯೆಯ ಆ ದೇಶದ ಇಬ್ಬರು ಮಹಿಳೆಯರು, ಆನಾ ಇವಾನೊವಿಚ್ ಮತ್ತು ಯೆಲೆನಾ ಯಾಂಕೊವಿಚ್, 2008ರ ಒಂದೇ ವರ್ಷದಲ್ಲಿ ಸಿಂಗಲ್ಸ್‌ನ ಜಗತ್ತಿನ ಮೊದಲ ಸ್ಥಾನವನ್ನು ಅಲಂಕರಿಸಿದರು. ಇವಾನೊವಿಚ್ ಅವರು ಬಾಲ್ಯದ ಚಳಿಗಾಲಗಳಲ್ಲಿ ಬೆಲ್‌ಗ್ರೇಡಿನ ಒಂದು ಈಜುಕೊಳದ ನೀರು ಖಾಲಿಮಾಡಿ, ತಳಕ್ಕೆ ಕಾರ್ಪೆಟ್ ಹಾಸಿ ಮಾಡಿದ ಅಂಗಣದಲ್ಲಿ ಅಭ್ಯಾಸ ಮಾಡಿದರು. ಬದಿಯ ಗೋಡೆಗಳು ತೀರ ಹತ್ತಿರವಿದ್ದುದರಿಂದ ಓರೆಯಾಗಿ ಹೊಡೆಯುವ ಅವಕಾಶವೇ ಇರಲಿಲ್ಲ. 1999ರಲ್ಲಿ ಆ ನಗರದ ಮೇಲೆ ನ್ಯಾಟೊ ಬಾಂಬುಗಳು ಬೀಳುತ್ತಿದ್ದಾಗಲೂ ಅಭ್ಯಾಸ ನಿಲ್ಲಲಿಲ್ಲ. ಸೌಕರ್ಯಗಳೆಲ್ಲ ಒದಗಿದ ಮೇಲೆಯೇ ಸಾಧಕಿಯರು ಹುಟ್ಟುತ್ತಾರೆಂಬುದನ್ನು ಈ ಉದಾಹರಣೆ ಅಲ್ಲಗಳೆಯುತ್ತದೆ. ಆದರೆ ಮುಂದೆ ಸ್ವಿಟ್ಜರ್‌ಲೆಂಡಿನ ಉದ್ಯಮಿಯೊಬ್ಬರು ಇವಾನೊವಿಚ್ ಅವರ ಖರ್ಚನ್ನು ವಹಿಸಿಕೊಳ್ಳದಿದ್ದರೆ, ಯಾಂಕೊವಿಚ್ ಫ್ಲಾರಿಡಾದ ಅಕಾಡೆಮಿಗೆ ಹೋಗದಿದ್ದರೆ ಇಬ್ಬರ ಕಥೆಯೂ ಬೆಲ್‌ಗ್ರೇಡಿನಲ್ಲೇ ಮುಗಿಯುತ್ತಿತ್ತೆಂಬುದನ್ನೂ ಒಪ್ಪಬೇಕು. ಇನ್ನೊಂದು ಅಂಶ ಈ ಚರ್ಚೆಗೆ ಹೆಚ್ಚು ಪ್ರಸ್ತುತ. ಯಾಂಕೊವಿಚ್ ಸಿಂಗಲ್ಸ್‌ನಲ್ಲಿ ಮೊದಲ ಸ್ಥಾನಿಯಾಗಿದ್ದರೂ ಅವರಿಗೆ ದಕ್ಕಿದ ಏಕೈಕ ಗ್ರ್ಯಾಂಡ್ ಸ್ಲಾಮ್ ಕಿರೀಟ 2007ರ ವಿಂಬಲ್ಡನ್ ಮಿಶ್ರ ಡಬಲ್ಸ್‌ನದು. ಡಬಲ್ಸ್ ಸೋತವರ ತಂಗುದಾಣವೆಂಬ ಮಾತು ಇಲ್ಲಿಯೇ ಬಿದ್ದುಹೋಗುತ್ತದೆ.

ಸಾನಿಯಾ ಅವರಿಗೆ ಬಲ ಕೊಟ್ಟ ಮಣಿಕಟ್ಟೇ ಅವರನ್ನು ಕಾಡಿತು. 2008ರಲ್ಲಿ ಬೀಜಿಂಗ್ ಒಲಿಂಪಿಕ್ಸ್‌ನ ಮೊದಲ ಸುತ್ತಿನಲ್ಲೇ ಅವರು ಪಂದ್ಯವನ್ನು ಅರ್ಧಕ್ಕೆ ಬಿಡಬೇಕಾಯಿತು. ಮಣಿಕಟ್ಟಿನ ಶಸ್ತ್ರಚಿಕಿತ್ಸೆಯಾಯಿತು, ಮೊಣಕಾಲುಗಳಿಗೂ ಶಸ್ತ್ರಚಿಕಿತ್ಸೆ ಬೇಕಾಯಿತು. 2009ರಲ್ಲಿ ಮಹೇಶ್ ಭೂಪತಿ ಜೊತೆಗೆ ಆಸ್ಟ್ರೇಲಿಯನ್ ಓಪನ್ ಮಿಶ್ರ ಡಬಲ್ಸ್ ಗೆದ್ದು, 2012ರಲ್ಲಿ ಅದೇ ಜೋಡಿ ಫ್ರೆಂಚ್ ಓಪನ್ ಗೆದ್ದ ಮೇಲೆ, 2013ರ ಹೊತ್ತಿಗೆ ಅವರು ಸಿಂಗಲ್ಸ್ ಬಿಟ್ಟರು. ಈ ನಿರ್ಧಾರದ ತರ್ಕವನ್ನು ಅಂಗಣದ ಅಳತೆಯೇ ಹೇಳುತ್ತದೆ. ಟೆನಿಸ್ ಅಂಗಣದ ಉದ್ದ 78 ಅಡಿ. ಸಿಂಗಲ್ಸ್‌ನಲ್ಲಿ 27 ಅಡಿ ಅಗಲವನ್ನು ಒಬ್ಬಳೇ ಕಾಯಬೇಕು, ಡಬಲ್ಸ್‌ನಲ್ಲಿ 36 ಅಡಿ ಅಗಲವನ್ನು ಇಬ್ಬರು ಹಂಚಿಕೊಳ್ಳುತ್ತಾರೆ. ಓಡುವ ದೂರ ಕಡಿಮೆಯಾಗುತ್ತದೆ, ಆದರೆ ಎದುರಾಳಿಗಳಲ್ಲೊಬ್ಬಳು ಬಲೆಯ ಬಳಿಯೇ ನಿಂತಿರುವುದರಿಂದ ಯೋಚಿಸುವ ಸಮಯ ಇನ್ನೂ ಕಡಿಮೆಯಾಗುತ್ತದೆ. ಸರ್ವ್ ಮರಳಿಸುವಿಕೆ, ಚೆಂಡು ನೆಲಕ್ಕೆ ಬೀಳುವ ಮೊದಲೇ ಹೊಡೆಯುವ ವಾಲಿ, ಜೊತೆಗಾರ್ತಿಯ ನಡೆಯ ಊಹೆ, ಇವೆಲ್ಲ ನಿರ್ಣಾಯಕವಾಗುತ್ತವೆ. ಡಬ್ಲ್ಯುಟಿಎ ಸರಣಿಯಲ್ಲಿ ಮೂರನೆಯ ಸೆಟ್‌ನ ಬದಲು ಹತ್ತು ಅಂಕಗಳ ಟೈಬ್ರೇಕ್ ಆಡುವುದರಿಂದ ಒಂದೆರಡು ತಪ್ಪುಗಳೇ ಪಂದ್ಯವನ್ನು ಕಳೆಯಬಲ್ಲವು. ಓಡಾಟದಲ್ಲಿ ಹಿಂದೆ ಬಿದ್ದಿದ್ದ ಆದರೆ ಹೊಡೆತದಲ್ಲಿ ಯಾರಿಗೂ ಕಡಿಮೆಯಿಲ್ಲದ ದೇಹಕ್ಕೆ ಇದಕ್ಕಿಂತ ತಕ್ಕ ಕ್ಷೇತ್ರ ಇರಲಿಲ್ಲ. ತನ್ನ ದೇಹವನ್ನು ಇಷ್ಟು ನಿಷ್ಠುರವಾಗಿ ಓದಬಲ್ಲ ಆಟಗಾರರು ಕಡಿಮೆ.

ಜಿಂಬಾಬ್ವೆಯ ಕಾರಾ ಬ್ಲ್ಯಾಕ್ ಜೊತೆಗೆ 2014ರ ವರ್ಷಾಂತ್ಯದ ಡಬ್ಲ್ಯುಟಿಎ ಫೈನಲ್ಸ್ ಗೆದ್ದ ಸಾನಿಯಾ, 2015ರ ಮಾರ್ಚ್‌ನಲ್ಲಿ ಸ್ವಿಟ್ಜರ್‌ಲೆಂಡಿನ ಮಾರ್ಟಿನಾ ಹಿಂಗಿಸ್ ಜೊತೆಗೂಡಿದರು. ಹಿಂಗಿಸ್ ಬಲೆಯ ಬಳಿ ಚಾತುರ್ಯದ ಗಣಿ; ಸಾನಿಯಾ ಹಿಂಬದಿಯ ಗೆರೆಯಿಂದ ಫೋರ್‌ಹ್ಯಾಂಡ್ ಸಿಡಿಸುವವರು; ಒಬ್ಬರ ಹೊಡೆತ ಎದುರಾಳಿಯನ್ನು ತಡಬಡಾಯಿಸುವಂತೆ ಮಾಡಿದರೆ ಇನ್ನೊಬ್ಬರು ಆ ದುರ್ಬಲ ಚೆಂಡನ್ನು ಮುಗಿಸುತ್ತಿದ್ದರು. ಇಂಡಿಯನ್ ವೆಲ್ಸ್, ಮಿಯಾಮಿ, ಚಾರ್ಲ್ಸ್‌ಟನ್ ಪಂದ್ಯಾವಳಿಗಳನ್ನು ಸಾಲಾಗಿ ಗೆದ್ದ ಬಳಿಕ 2015ರ ಏಪ್ರಿಲ್ 13ರಂದು ಸಾನಿಯಾ ಡಬಲ್ಸ್‌ನ ಮೊದಲ ಸ್ಥಾನಕ್ಕೇರಿದರು. ಆ ಸ್ಥಾನದಲ್ಲಿ ಅವರು ಒಟ್ಟು 91 ವಾರ ಇದ್ದರು. ಆ ವರ್ಷದ ವಿಂಬಲ್ಡನ್ ಫೈನಲ್ ಈ ಜೋಡಿಯ ಶ್ರೇಷ್ಠ ಪಂದ್ಯ. ರಷ್ಯದ ಮಕರೋವಾ ಮತ್ತು ವೆಸ್ನಿನಾ ವಿರುದ್ಧ ಮೊದಲ ಸೆಟ್ ಕಳೆದುಕೊಂಡು, ಮೂರನೆಯ ಸೆಟ್‌ನಲ್ಲಿ 2-5ರಿಂದ ಹಿಂದಿದ್ದವರು 5-7, 7-6, 7-5ರಿಂದ ಗೆದ್ದರು. ಅಮೆರಿಕನ್ ಓಪನ್, 2016ರ ಆಸ್ಟ್ರೇಲಿಯನ್ ಓಪನ್ ಹಿಂಬಾಲಿಸಿದವು. ಸತತ 41 ಗೆಲುವುಗಳ ಸರಪಳಿ 2016ರ ಫೆಬ್ರುವರಿಯಲ್ಲಿ ದೋಹಾದಲ್ಲಿ ಮುರಿಯಿತು. ಬ್ರೆಜಿಲ್‌ನ ಬ್ರೂನೊ ಸೊರೆಸ್ ಜೊತೆಗಿನ 2014ರ ಅಮೆರಿಕನ್ ಓಪನ್ ಮಿಶ್ರ ಕಿರೀಟವೂ ಸೇರಿ ಆರು ಗ್ರ್ಯಾಂಡ್ ಸ್ಲಾಮ್, 43 ಡಬ್ಲ್ಯುಟಿಎ ಡಬಲ್ಸ್ ಪ್ರಶಸ್ತಿಗಳು ಅವರ ಲೆಕ್ಕದಲ್ಲಿವೆ.

ಆಟದ ಹೊರಗೆ ಅವರು ನಿಂತ ನಿಲುವುಗಳಲ್ಲಿ 2012ರದು ಮುಖ್ಯ. ಲಂಡನ್ ಒಲಿಂಪಿಕ್ಸ್‌ಗೆ ಭೂಪತಿ ಮತ್ತು ಕೊಡಗಿನ ರೋಹನ್ ಬೋಪಣ್ಣ ಇಬ್ಬರೂ ಲಿಯಾಂಡರ್ ಪೇಸ್ ಜೊತೆ ಆಡಲು ಒಪ್ಪದಿದ್ದಾಗ, ಪೇಸ್ ಅವರನ್ನು ಸಮಾಧಾನಪಡಿಸಲೆಂದು ಮಿಶ್ರ ಡಬಲ್ಸ್‌ನಲ್ಲಿ ಸಾನಿಯಾ ಅವರನ್ನು ಜೋಡಿಯಾಗಿ ಕೊಡುವ ಏರ್ಪಾಡು ನಡೆಯಿತು. ತಮ್ಮನ್ನು ಹೀಗೆ ಆಮಿಷದಂತೆ ಬಳಸಿದ್ದನ್ನು ಸಾನಿಯಾ ಬಹಿರಂಗ ಹೇಳಿಕೆಯಲ್ಲಿ ಖಂಡಿಸಿದರು, ಆದರೂ ದೇಶಕ್ಕಾಗಿ ಆಡಿದರು. ಗ್ರ್ಯಾಂಡ್ ಸ್ಲಾಮ್ ಗೆದ್ದ ಮಹಿಳೆಯನ್ನು ಕೇಳದೆಯೇ ಆಕೆಯ ಜೊತೆಗಾರನನ್ನು ಗೊತ್ತುಮಾಡಿದ ಆ ಪ್ರಸಂಗದಲ್ಲಿ ನ್ಯಾಯ ಪೂರ್ತಿಯಾಗಿ ಸಾನಿಯಾ ಅವರ ಕಡೆಗಿತ್ತು.

2018ರ ಅಕ್ಟೋಬರಿನಲ್ಲಿ ಮಗನಿಗೆ ಜನ್ಮವಿತ್ತು, 2020ರ ಜನವರಿಯಲ್ಲಿ ಮರಳಿದ ಮೊದಲ ಪಂದ್ಯಾವಳಿಯಲ್ಲೇ, ಹೋಬಾರ್ಟ್‌ನಲ್ಲಿ, ಅವರು ನಾಡಿಯಾ ಕಿಚೆನೊಕ್ ಜೊತೆಗೆ ಡಬಲ್ಸ್ ಗೆದ್ದರು. ಕೊನೆಯ ಗ್ರ್ಯಾಂಡ್ ಸ್ಲಾಮ್ ಪಂದ್ಯ 2023ರ ಆಸ್ಟ್ರೇಲಿಯನ್ ಓಪನ್ ಮಿಶ್ರ ಡಬಲ್ಸ್ ಫೈನಲ್, ಜೊತೆಗಿದ್ದವರು ಬೋಪಣ್ಣ. ಮರುತಿಂಗಳು ದುಬೈಯಲ್ಲಿ ನಿವೃತ್ತರಾದರು.

ಇನ್ನು ಬೀದರಿನ ಮಾತು. ಟೆನಿಸ್ ಸಿರಿವಂತರ ಆಟವೆಂಬ ನಂಬಿಕೆ ಇಲ್ಲಿ ಬಲವಾಗಿದೆ. ಅಂಗಣದ ಮಟ್ಟಿಗೆ ಅದು ನಿಜವಲ್ಲ. ಬೀದರ ನಗರ ನಿಂತಿರುವುದೇ ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ. ಮಣ್ಣಿನ ಅಂಗಣಕ್ಕೆ ಬೇಕಾದ ಕೆಂಪು ಮುರುಮ್ ಕಾಲಡಿಯಲ್ಲೇ ಇದೆ. ಮಾಂಜ್ರಾ ಬಯಲಿನ ಭಾಲ್ಕಿ ಮತ್ತು ಔರಾದ ತಾಲ್ಲೂಕುಗಳ ಎರೆಭೂಮಿ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ ಅಲ್ಲಿ ಕಲ್ಲಿನ ಅಡಿಪಾಯ ಹಾಕಿ ಮುರುಮ್ ತಂದು ಹರಡಬೇಕಾಗುತ್ತದೆ. ಕೆಲಸ ಹೆಚ್ಚು, ಅಸಾಧ್ಯವಲ್ಲ. ಸುತ್ತಲಿನ ಓಡಾಟದ ಜಾಗವೂ ಸೇರಿ ಒಂದು ಅಂಗಣಕ್ಕೆ 120 ಅಡಿ ಉದ್ದ, 60 ಅಡಿ ಅಗಲ ಸಾಕು, ಅಷ್ಟು ನೆಲ ಎಷ್ಟೋ ಕಾಲೇಜುಗಳ ಹಿತ್ತಲಲ್ಲಿ ಜಾಲಿ ಬೆಳೆದು ಬಿದ್ದಿದೆ. ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಡಾ. ಚನ್ನಬಸವ ಪಟ್ಟದ್ದೇವರ ಭಾಲ್ಕಿಗೆ, ಅನುಕೂಲ ಒದಗುವವರೆಗೆ ಕಾಯದೆ ಕೆಲಸ ಆರಂಭಿಸುವ ಪರಂಪರೆ ಹೊಸದಲ್ಲ. ನೆರೆಯ ಕಲಬುರಗಿಯಲ್ಲಿ 2023ರಲ್ಲಿ ಪುರುಷರ ಐಟಿಎಫ್ ಪಂದ್ಯಾವಳಿ ನಡೆದು ರಾಮ್‌ಕುಮಾರ್ ರಾಮನಾಥನ್ ಗೆದ್ದರು. ಕಲ್ಯಾಣ ಕರ್ನಾಟಕದಲ್ಲಿ ಅಂತರರಾಷ್ಟ್ರೀಯ ಟೆನಿಸ್ ನಡೆಸಬಹುದೆಂಬುದು ಅಲ್ಲಿಗೆ ಸಿದ್ಧವಾಗಿದೆ. ಅದೇ ಮಟ್ಟದ ಮಹಿಳಾ ಪಂದ್ಯಾವಳಿಯೊಂದನ್ನು ಈ ಭಾಗಕ್ಕೆ ತರುವುದು ಮುಂದಿನ ಹೆಜ್ಜೆಯಾಗಬೇಕು. ಅದಕ್ಕೂ ಮೊದಲು, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಮತ್ತು ಕ್ರೀಡಾ ಇಲಾಖೆ ಬೀದರ, ಭಾಲ್ಕಿ, ಔರಾದಗಳಲ್ಲಿ ತಲಾ ಒಂದು ಮಣ್ಣಿನ ಅಂಗಣವನ್ನು ಕಟ್ಟಿಸಲಿ, ಒಬ್ಬ ತರಬೇತುದಾರರನ್ನು ನೇಮಿಸಲಿ, ಪ್ರತಿ ಸಂಜೆ ಎರಡು ಗಂಟೆ ಆ ಅಂಗಣ ಹೆಣ್ಣುಮಕ್ಕಳಿಗೆ ಮಾತ್ರ ಮೀಸಲೆಂದು ಗೇಟಿನ ಮೇಲೆ ಬರೆಸಲಿ. ತಂದೆತಾಯಿಗಳು ಹತ್ತನೆಯ ತರಗತಿ ಮುಗಿದ ಮೇಲೂ ಮಗಳನ್ನು ಅಲ್ಲಿಗೆ ಕಳುಹಿಸಲಿ.