ದಾಖಲಾತಿ ಪುಸ್ತಕದ ಹೆಸರುಗಳು

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಭಾಷಣ ಮಾಡುವುದು ನನ್ನ ಕೆಲಸವಲ್ಲ. ಈ ಶಾಲೆಯ ಮೊದಲ ತಂಡದಲ್ಲಿ ಓದಿ, ಮುಂದೆ ಇದೇ ಶಾಲೆಯ ಆಫೀಸಿನಲ್ಲಿ ಹದಿನೇಳು ವರ್ಷ ಗುಮಾಸ್ತನಾಗಿದ್ದವನು ನಾನು. ಮೇಷ್ಟ್ರುಗಳಿಗೆ ನಿಮ್ಮ ಮುಖ ನೆನಪಿರುತ್ತದೆ, ನನಗೆ ನೆನಪಿರುವುದು ಹೆಸರು. ದಾಖಲಾತಿ ಪುಸ್ತಕ, ಟಿ.ಸಿ., ಎಸ್ಸೆಸ್ಸೆಲ್ಸಿಯ ನಾಮಿನಲ್ ರೋಲ್, ಈ ಮೂರರಲ್ಲೂ ಒಂದು ಒತ್ತಕ್ಷರ ಹೆಚ್ಚುಕಮ್ಮಿಯಾಗದಂತೆ ಬರೆದು ಅನ್ನ ತಿಂದವನು. ಆದ್ದರಿಂದ ಹೆಸರಿನ ಬಗ್ಗೆಯೇ ನಾಲ್ಕು ಮಾತು ಆಡುತ್ತೇನೆ.

ಮೊದಲು ನನ್ನದು. ನನ್ನ ಹೆಸರು ತಿಪ್ಪಯ್ಯ. ನಮ್ಮ ಚಿತ್ರದುರ್ಗದ ಸೀಮೆಯಲ್ಲಿ ಇದು ಅಪರೂಪವಲ್ಲ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗೆ ನಡೆದುಕೊಳ್ಳುವ ಮನೆಗಳಲ್ಲಿ ಒಬ್ಬ ತಿಪ್ಪೇಸ್ವಾಮಿ ಇಲ್ಲವೇ ಒಬ್ಬ ತಿಪ್ಪಮ್ಮ ಇದ್ದೇ ಇರುತ್ತಾರೆ. ಆದರೆ ನಾನು ದೇವರ ತಿಪ್ಪಯ್ಯ ಅಲ್ಲ, ತಿಪ್ಪೆಯ ತಿಪ್ಪಯ್ಯ. ನನಗಿಂತ ಮುಂಚೆ ಹುಟ್ಟಿದ ಮೂರು ಮಕ್ಕಳು ವರ್ಷ ತುಂಬುವುದರೊಳಗೆ ಹೋದವು. ನಾಲ್ಕನೆಯವನಾಗಿ ನಾನು ಹುಟ್ಟಿದಾಗ ನಮ್ಮಜ್ಜಿ ನನ್ನನ್ನು ಮೊರದಲ್ಲಿಟ್ಟು, ಹಿತ್ತಿಲ ತಿಪ್ಪೆಯ ಮೇಲೆ ಬಿಟ್ಟು ಬಂದಳಂತೆ. ಪಕ್ಕದ ಮನೆಯಾಕೆ ಬಂದು, "ಅಯ್ಯೋ, ಯಾರೋ ಬಿಸಾಕಿದ ಕೂಸು" ಅಂತ ಎತ್ತಿಕೊಂಡಳು. ನಮ್ಮವ್ವ ಒಂದು ಸೇರು ತೌಡು ಕೊಟ್ಟು ಆಕೆಯಿಂದ ನನ್ನನ್ನು ಕೊಂಡುಕೊಂಡಳು. ತೌಡಿಗೆ ಸಿಕ್ಕ ಕೂಸನ್ನು ಯಮ ಯಾಕೆ ಕೇಳುತ್ತಾನೆ? ಅದು ಅವರ ಲೆಕ್ಕ.

ಇದು ನಮ್ಮೂರಿನದೊಂದೇ ಪದ್ಧತಿ ಅಂತ ಬಹಳ ದಿನ ತಿಳಿದಿದ್ದೆ. ತೆಲುಗರಲ್ಲಿ ಪೆಂಟಯ್ಯ ಇದ್ದಾನೆ, ಪೆಂಟ ಅಂದರೂ ತಿಪ್ಪೆಯೇ. ತಮಿಳಿನ ಕುಪ್ಪುಸಾಮಿಯಲ್ಲಿರುವುದು ಕುಪ್ಪೆ, ಅಂದರೆ ಕಸ. ಮರಾಠಿಯಲ್ಲಿ ಧೋಂಡು, ದಗಡು ಎಂದರೆ ಕಲ್ಲು. ಹೆಣ್ಣುಮಕ್ಕಳಿಗಾಗಿ ವಿಶ್ವವಿದ್ಯಾಲಯ ಕಟ್ಟಿ ಭಾರತರತ್ನ ಪಡೆದ ಕರ್ವೆಯವರ ಹೆಸರೇ ಧೋಂಡೋ. ಇನ್ನೂ ಹಿಂದಕ್ಕೆ ಹೋದರೆ ಐತರೇಯ ಬ್ರಾಹ್ಮಣದಲ್ಲಿ ಒಬ್ಬ ಬಡ ಋಷಿಯ ಮೂರು ಮಕ್ಕಳಿದ್ದಾರೆ: ಶುನಃಪುಚ್ಛ, ಶುನಃಶೇಪ, ಶುನೋಲಾಂಗೂಲ. ಮೂರೂ ಹೆಸರಿಗೂ ಸುಮಾರಾಗಿ ನಾಯಿಬಾಲ ಅಂತಲೇ ಅರ್ಥ. ಇದನ್ನು ನನಗೆ ಹೇಳಿದವರು ನಮ್ಮ ಸಂಸ್ಕೃತದ ಮೇಷ್ಟ್ರು. ಅವತ್ತು ನನಗೆ ಆದ ಸಮಾಧಾನ ಅಷ್ಟಿಷ್ಟಲ್ಲ. ವೇದದಲ್ಲೇ ನಾಯಿಬಾಲ ಇದ್ದಮೇಲೆ ತಿಪ್ಪೆಗೇನು ಕಡಿಮೆ?

ಆದರೆ ಆ ಸಮಾಧಾನಕ್ಕೆ ಮುಂಚೆ ಒಂದು ಘಟನೆ ನಡೆದಿತ್ತು. ಹತ್ತನೇ ತರಗತಿಯಲ್ಲಿ ಪರೀಕ್ಷೆಯ ಅರ್ಜಿ ತುಂಬುವ ಹೊತ್ತಿಗೆ ನಾನು ತ್ರಿವಿಕ್ರಮ ಆಗಲು ಹೊರಟೆ. ಬಿಳಿ ಹಾಳೆಯಲ್ಲಿ ಅರ್ಜಿ ಬರೆದು, ಅಪ್ಪನ ಹೆಬ್ಬೆಟ್ಟು ಒತ್ತಿಸಿ, ಹೆಡ್‌ಮಾಸ್ಟರ ಕೈಗೆ ಕೊಟ್ಟೆ. ಮರುದಿನ ಅವ್ವ ಶಾಲೆಗೆ ಬಂದಳು. ಆಕೆ ಈ ಶಾಲೆಯ ಮೆಟ್ಟಿಲು ಹತ್ತಿದ್ದು ಅದೊಂದೇ ಸಲ. ಒಳಗೆ ಬರಲಿಲ್ಲ, ಬಾಗಿಲ ಹೊರಗೇ ನಿಂತು, "ಆ ಹೆಸರಿನ ಮ್ಯಾಲೇ ಬದುಕಿದಾನೆ ಸ್ವಾಮಿ, ಅದನ್ನ ಮಾತ್ರ ತಗೀಬ್ಯಾಡ್ರಿ" ಅಂದಳು. ಹೆಡ್‌ಮಾಸ್ಟರು ಅರ್ಜಿಯನ್ನು ಡ್ರಾಯರಿನೊಳಗೆ ಹಾಕಿದರು. ಅದು ಮತ್ತೆ ಹೊರಗೆ ಬರಲಿಲ್ಲ. 1977ರ ನನ್ನ ಅಂಕಪಟ್ಟಿಯಲ್ಲಿ ತಿಪ್ಪಯ್ಯ ಅಂತಲೇ ಇದೆ.

ಗುಮಾಸ್ತನಾದ ಮೇಲೆ ಹೆಸರುಗಳ ಮೇಲೆ ನನಗೆ ಒಂದು ಥರದ ಮೋಹ ಬಂತು. ಪಾಲಯ್ಯ, ಬೋಸಯ್ಯ, ಕಾಟಯ್ಯ, ಹುಚ್ಚಮ್ಮ, ಅಡವಿಯಪ್ಪ. ಒಂದು ವರ್ಷ ಎಂಟನೇ ತರಗತಿಗೆ ನಾಲ್ಕು ಜನ ಓಬಯ್ಯಂದಿರು ಬಂದರು. ಹಾಜರಿ ಕೂಗುವ ಮೇಷ್ಟ್ರು ಒಂದನೇ ಓಬಯ್ಯ, ಎರಡನೇ ಓಬಯ್ಯ ಅಂತ ರಾಜರಿಗೆ ಹಾಕಿದಂತೆ ನಂಬರು ಹಾಕಿದ್ದರು. ಅಹೋಬಲದ ನರಸಿಂಹನೇ ನಮ್ಮ ನಾಲಿಗೆಯಲ್ಲಿ ಓಬಳನಾಗಿ, ಓಬಯ್ಯ ಓಬವ್ವ ಆಗಿದ್ದಾನೆ. ಇಂಥ ಹೆಸರು ಈಗ ಹೊಸ ಪುಟಗಳಲ್ಲಿ ಕಾಣುವುದಿಲ್ಲ, ಮಕ್ಕಳೆಲ್ಲ ಬೇರೆ ಬೇರೆ ಅಕ್ಷರದಿಂದ ಶುರುವಾಗಿ "ಇತ್" ಎಂದು ಮುಗಿಯುತ್ತಾರೆ. (ಮೊಮ್ಮಗನ ಹೆಸರೂ ಅದೇ, ಮನೆಯಲ್ಲಿ ನನ್ನ ಮಾತು ನಡೆಯಲಿಲ್ಲ.)

ಬಿಡದಿ ಹತ್ತಿರದ ಭದ್ರಾಪುರದ ಹಕ್ಕಿಪಿಕ್ಕಿ ಜನರ ಹೆಸರುಗಳನ್ನು ನೀವು ಪತ್ರಿಕೆಯಲ್ಲಿ ಓದಿರಬಹುದು. ಅಲ್ಲಿ ಕಾಫಿ, ಹೈಕೋರ್ಟ್, ಮೈಸೂರ್ ಪಾಕ್, ಗೂಗಲ್ ಎಂಬ ಮನುಷ್ಯರಿದ್ದಾರೆ. ಊರೂರು ತಿರುಗುತ್ತಿದ್ದ ಜನ, ಕಣ್ಣಿಗೆ ಕಂಡದ್ದು, ಕಿವಿಗೆ ಹಿತವಾದದ್ದು ಅವರಿಗೆ ಹೆಸರಾಯಿತು. ಓದಿ ನಗುವವರು ನಗಲಿ. ಆ ಮಗುವಿನ ಹೆಸರಲ್ಲಿ ಅದು ಬೇಡವಾಗಿತ್ತು ಎಂಬ ಮಾತಂತೂ ಇಲ್ಲ.

ಈ ಮಾತು ಹೇಳಲು ಕಾರಣವಿದೆ. ನಮ್ಮ ದಾಖಲಾತಿ ಪುಸ್ತಕದಲ್ಲಿ ಸಾಕಮ್ಮ ಎಂಬ ಹೆಸರಿನವರು ಹಲವರಿದ್ದಾರೆ. ಅವರಲ್ಲಿ ಒಬ್ಬಳು, ಯಾರು ಯಾವ ವರ್ಷ ಎಂದು ಹೇಳುವುದಿಲ್ಲ, ಹತ್ತನೇ ತರಗತಿಯಲ್ಲಿದ್ದಾಗ ಆಫೀಸಿಗೆ ಬಂದು, "ಸಾರ್, ನಾಮಿನಲ್ ರೋಲ್ ಹೋಗೋಕೆ ಮುಂಚೆ ನನ್ನ ಹೆಸರು ಬದಲಾಯಿಸ್ಬೇಕು" ಅಂದಳು. ನಾನು ಆಕೆಯನ್ನು ಸ್ಟೂಲಿನ ಮೇಲೆ ಕೂರಿಸಿ ನನ್ನ ತಿಪ್ಪೆಯ ಕಥೆಯನ್ನೆಲ್ಲ ಹೇಳಿದೆ. ಹಳೆಯ ಹೆಸರು ಬಿಡಬಾರದಮ್ಮ ಅಂದೆ. ಬೆಂಗಳೂರಿನಲ್ಲಿ ಕಾಫಿಪುಡಿಯ ಉದ್ಯಮ ಕಟ್ಟಿದ ಸಾಕಮ್ಮನವರನ್ನು ನೆನಪಿಸಿದೆ. ಸಾಲದ್ದಕ್ಕೆ ಜಾಣತನ ಬೇರೆ: "ಸಾಕು ಅಂದ್ರೆ ಸಲಹು ಅಂತಲೂ ಅರ್ಥ ಇದೆಯಲ್ಲಮ್ಮ" ಅಂದೆ. ಆಕೆ ತಲೆ ಎತ್ತದೆ, "ಸಾರ್, ನನಗೆ ನಾಲ್ಕು ಜನ ಅಕ್ಕಂದಿರು" ಅಂದಳು. ನನಗೆ ಅದು ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ. ಆಮೇಲೆ ನೋಡೋಣ ಅಂತ ಅರ್ಜಿ ತೆಗೆದಿಟ್ಟುಕೊಂಡೆ. ನಮ್ಮ ಹೆಡ್‌ಮಾಸ್ಟರು ನನಗೆ ಮಾಡಿದ್ದನ್ನೇ ನಾನೂ ಮಾಡುತ್ತಿದ್ದೇನೆ ಎಂಬ ಹೆಮ್ಮೆ ಬೇರೆ ಇತ್ತು. ನಾಮಿನಲ್ ರೋಲ್ ಹೋಯಿತು. ಅಂಕಪಟ್ಟಿಯಲ್ಲಿ ಹೆಸರು ಬಿದ್ದಮೇಲೆ ಅದನ್ನು ಬದಲಾಯಿಸುವುದು ಎಷ್ಟು ಕಷ್ಟ ಅಂತ ಈ ಊರಿನಲ್ಲಿ ನನಗಿಂತ ಚೆನ್ನಾಗಿ ಗೊತ್ತಿದ್ದವರು ಯಾರೂ ಇರಲಿಲ್ಲ.

2011ರಲ್ಲಿ ಪತ್ರಿಕೆಯಲ್ಲಿ ಒಂದು ಸುದ್ದಿ ಓದಿದೆ. ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ ನಕೂಸಾ ಎಂಬ ಹೆಸರಿನ ಇನ್ನೂರಕ್ಕೂ ಹೆಚ್ಚು ಹೆಣ್ಣುಮಕ್ಕಳಿಗೆ ಜಿಲ್ಲಾಡಳಿತದವರು ಸಮಾರಂಭ ಮಾಡಿ ಹೊಸ ಹೆಸರಿಟ್ಟರು. ನಕೂಸಾ ಎಂದರೆ ಬೇಡವಾದವಳು. ಆ ಮಕ್ಕಳು ತಮ್ಮ ಹೊಸ ಹೆಸರನ್ನು ತಾವೇ ಆರಿಸಿಕೊಂಡರಂತೆ. ಪತ್ರಿಕೆ ಮಡಿಸಿಟ್ಟೆ. ಸ್ಟೂಲಿನ ಮೇಲೆ ಕೂತಿದ್ದ ಹುಡುಗಿ ನೆನಪಾದಳು.

ಒಂದೆರಡು ವರ್ಷ ಬಿಟ್ಟು ಬಸ್‌ಸ್ಟ್ಯಾಂಡಿನಲ್ಲಿ ಆಕೆಯೇ ನನ್ನನ್ನು ಗುರುತಿಸಿ ಮಾತಾಡಿಸಿದಳು. ನರ್ಸ್ ಆಗಿದ್ದಾಳೆ. ಅಫಿಡವಿಟ್ಟು, ಪತ್ರಿಕೆ ಜಾಹೀರಾತು, ಗೆಜೆಟ್ಟು ಅಂತ ತಿರುಗಿ ತಿರುಗಿ, ಸ್ವಂತ ದುಡ್ಡಿನಲ್ಲಿ ಹೆಸರು ಬದಲಾಯಿಸಿಕೊಂಡಿದ್ದಾಳೆ. ನಾನು ತಪ್ಪಾಯಿತಮ್ಮ ಅಂದೆ. ಆಕೆ ಸಿಟ್ಟಾಗಲಿಲ್ಲ. "ನಿಮ್ಮವ್ವ ನಿಮ್ಮನ್ನ ಉಳಿಸ್ಕೊಳ್ಳೋಕೆ ಹೆಸರಿಟ್ರು ಸಾರ್. ನಮ್ಮಪ್ಪ ದೇವರಿಗೆ ಅರ್ಜಿ ಹಾಕೋಕೆ ನನ್ನ ಹೆಸರು ಬಳಸ್ಕೊಂಡ. ದಿನಾ ಹಾಜರಿ ಕೂಗುವಾಗ ಆ ಅರ್ಜಿಗೆ ನಾನು ಎಸ್ ಸಾರ್ ಅಂತಿದ್ದೆ" ಅಂದಳು. ಅಷ್ಟರಲ್ಲಿ ಬಸ್ಸು ಬಂತು.

ಈ ಭಾಷಣಕ್ಕೆ ಮುಂಚೆ ಆಕೆಗೆ ಫೋನು ಮಾಡಿ ಕೇಳಿದೆ. "ಹೇಳಿ ಸಾರ್, ಈಗಿನ ಹೆಸರು ಮಾತ್ರ ಹೇಳ್ಬೇಡಿ" ಅಂದಳು. ಹೇಳುವುದಿಲ್ಲ. ಸಂಚಿಕೆಗೆ ಹಳೆಯ ವಿದ್ಯಾರ್ಥಿಗಳ ಪಟ್ಟಿ ತಯಾರಿಸುವ ಕೆಲಸವನ್ನು ಸಮಿತಿಯವರು ನನಗೆ ವಹಿಸಿದ್ದಾರೆ. ದಾಖಲಾತಿ ಪುಸ್ತಕ ನೋಡಿಕೊಂಡು ಐವತ್ತು ವರ್ಷದ ಹೆಸರುಗಳನ್ನು ಒಂದಕ್ಷರ ತಪ್ಪದೆ ಇಳಿಸಿದ್ದೇನೆ. ಒಂದು ಸಾಲು ಮಾತ್ರ ಪುಸ್ತಕಕ್ಕೆ ತಾಳೆಯಾಗುವುದಿಲ್ಲ. ಯಾರಾದರೂ ಅದನ್ನು ಪತ್ತೆ ಹಚ್ಚಿದರೆ ಅಚ್ಚಿನ ತಪ್ಪು ಅಂತ ಮುದ್ರಕರನ್ನು ದೂರಬೇಡಿ. ಬರೆದವನು ನಾನೇ.