ಗಣಿತಪಾಠದ ಸುಖದುಃಖಗಳು

(ಬಾಯ್ನಾದಲ್ಲಿ ನಡೆದ ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಕನ್ನಡ ಪಂಡಿತನೊಬ್ಬನನ್ನು ವೇದಿಕೆಗೆ ಕರೆದರೆ ಆತನು ಪಂಪನನ್ನೋ ಕುಮಾರವ್ಯಾಸನನ್ನೋ ಕುರಿತು ಮಾತನಾಡುವನೆಂದು ತಾವು ಎದುರುನೋಡುವುದು ಸಹಜ. ಆದರೆ ಸಂಘದ ಕಾರ್ಯದರ್ಶಿಗಳು, "ಈ ಸಲ ನಿಮ್ಮ ಸಂಜೆಯ ಲೆಕ್ಕದ ಪಾಠದ ವಿಷಯವಾಗಿಯೇ ಹೇಳಿರಿ" ಎಂದು ಅಪ್ಪಣೆ ಕೊಡಿಸಿದ್ದಾರೆ. ನಾನು ಗಣಿತದಲ್ಲಿ ಪದವಿ ಪಡೆದವನಲ್ಲ. ವಿದ್ವಾನ್ ಪರೀಕ್ಷೆಗೆ ಛಂದಸ್ಸನ್ನು ಓದುವಾಗ ಮಾತ್ರೆಗಳನ್ನು ಎಣಿಸಿದುದೇ ನನ್ನ ಉನ್ನತ ಗಣಿತ. ಆದಕಾರಣ ಶಾಸ್ತ್ರವನ್ನು ಹೇಳಲು ಹೊರಡದೆ, ಕಂಡುದನ್ನು ಮಾತ್ರ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ.

ಇದು ಪ್ರಾರಂಭವಾದ ಬಗೆ ಹೀಗೆ. ಬಂದರದಲ್ಲಿ ದುಡಿಯುವ ನೆರೆಮನೆಯವರೊಬ್ಬರು ಒಂದು ಸಂಜೆ ಐದನೆಯ ತರಗತಿಯ ಮಗನ ತೋಳು ಹಿಡಿದು ಎಳೆತಂದು ನಮ್ಮ ಕಟ್ಟೆಯ ಮೇಲೆ ಕುಳ್ಳಿರಿಸಿದರು. "ಗುರುಗಳ, ಇವಗ ಲೆಕ್ಕ ಒಂದೂ ತಲಿಗೆ ಹತ್ತವಲ್ದು. ನೀವು ಸ್ವಲ್ಪ ನೋಡ್ರಿ" ಎಂದರು. ನಾನು ಕನ್ನಡದ ಮಾಸ್ತರನೆಂದು ಹೇಳಿ ನೋಡಿದೆನು. "ಮಾಸ್ತರ ಅಂದಮ್ಯಾಲ ಎಲ್ಲಾ ಬರತೈತಿ ಬಿಡ್ರಿ" ಎಂದು ಅವರು ನಡೆದೇಬಿಟ್ಟರು. ಆ ಒಬ್ಬನ ಬೆನ್ನು ಹಿಡಿದು ಅವನ ತಂಗಿ ಬಂದಳು. ತಂಗಿಯ ಗೆಳತಿಯರು ಬಂದರು. ಹತ್ತನೆಯ ತರಗತಿಯವರು ಬಂದರು. ಕಡೆಗೆ ದೊಡ್ಡವರೂ ಬಂದರು. ಇಂದು ಒಂದೇ ಚಾಪೆಯ ಮೇಲೆ ಏಳು ವರ್ಷದ ಹುಡುಗಿಯಿಂದ ಐವತ್ತು ದಾಟಿದ ತಾಯಿಯವರೆಗೆ ಕುಳಿತಿರುತ್ತಾರೆ.

ಮೊದಲು ಚಿಕ್ಕವರ ಮಾತು. ಎರಡನೆಯ ತರಗತಿಯ ಹುಡುಗಿಯೊಬ್ಬಳು ನಾನು ಇಪ್ಪತ್ತೈದು ಎಂದರೆ 25 ಎಂದು ಬರೆಯುವಳು. ಅಂಗಡಿಯವರು ಪಂಚವೀಸ ಎಂದರೆ 52 ಎಂದು ಬರೆಯುವಳು. ಇವಳಿಗೆ ಗಮನವಿಲ್ಲವೆಂದು ನಾನು ಗದರಿದೆನು. ಆ ರಾತ್ರಿ ಯೋಚಿಸುವಾಗ ಹೊಳೆಯಿತು: ತಪ್ಪು ಮಗುವಿನದಲ್ಲ. ಕನ್ನಡದಲ್ಲಿ ನಾವು ಹತ್ತನ್ನು ಮೊದಲು ನುಡಿದು ಬಿಡಿಯನ್ನು ಆಮೇಲೆ ನುಡಿಯುತ್ತೇವೆ. ಬರೆಯುವ ಕ್ರಮವೂ ಅದೇ. ಮರಾಠಿ, ಕೊಂಕಣಿ, ಹಿಂದಿಗಳಲ್ಲಿ ಬಿಡಿಯು ಮೊದಲು, ಹತ್ತು ಆಮೇಲೆ, ಪಂಚವೀಸವೆಂದರೆ ಐದು-ಇಪ್ಪತ್ತು. ಮನೆಯಲ್ಲಿ ಕನ್ನಡವನ್ನೂ ಓಣಿಯಲ್ಲಿ ಹಿಂದಿಯನ್ನೂ ಪೇಟೆಯಲ್ಲಿ ಕೊಂಕಣಿಯನ್ನೂ ಕೇಳುವ ಬಾಯ್ನಾದ ಮಗು ಕಿವಿಗೆ ಬಿದ್ದ ಕ್ರಮದಲ್ಲೇ ಬರೆದರೆ ಆಶ್ಚರ್ಯವೇನು? ಇದು ನಮ್ಮ ಓಣಿಯದೊಂದೇ ತೊಡಕಲ್ಲ. ಜರ್ಮನ್ ಮಕ್ಕಳಿಗೂ ಇದೇ ಕಷ್ಟವುಂಟು. ನಾರ್ವೆ ದೇಶದಲ್ಲಿ ದೂರವಾಣಿಯ ಸಂಖ್ಯೆಗಳನ್ನು ಹೇಳಿ ಕೇಳುವಾಗ ತಪ್ಪುಗಳಾಗುತ್ತವೆಂದು 1951ರಲ್ಲಿ ಸರಕಾರವೇ ಮುಂದಾಗಿ, ಐದು-ಇಪ್ಪತ್ತು ಎಂಬ ಹಳೆಯ ಪರಿಪಾಠವನ್ನು ಬಿಟ್ಟು ಇಪ್ಪತ್ತು-ಐದು ಎನ್ನುವ ಕ್ರಮವನ್ನು ಜಾರಿಗೆ ತಂದಿತು. ಕನ್ನಡಿಗರು ಯಾವ ಕಾಯಿದೆಯೂ ಇಲ್ಲದೆ ಆ ಸೌಕರ್ಯವನ್ನು ಹುಟ್ಟಿನಿಂದಲೇ ಪಡೆದಿದ್ದೇವೆ. ಮರುದಿನ ಆ ಹುಡುಗಿಗೆ, "ಪೇಟೆಯ ಸಂಖ್ಯೆಯನ್ನು ಕೇಳಿದಾಗ ಮನಸ್ಸಿನಲ್ಲಿ ಒಮ್ಮೆ ಕನ್ನಡದಲ್ಲಿ ಹೇಳಿಕೊಂಡು ಬರೆ" ಎಂದೆನು. ವಾರದೊಳಗೆ ಆ ತಪ್ಪು ಹೋಯಿತು. ಗದರಿದುದಕ್ಕೆ ನಾನು ಅವಳಲ್ಲಿ ಕ್ಷಮೆ ಕೇಳಲಿಲ್ಲ. ಇಂದು ಇಲ್ಲಿ ಕೇಳುತ್ತಿದ್ದೇನೆ.

ನಡುವಯಸ್ಸಿನ ಮಕ್ಕಳ ಕಷ್ಟ ಬೇರೆ ತರದ್ದು. ನಮ್ಮ ಜನರು ಬಿಜಾಪುರ, ಬಾಗಲಕೋಟೆ, ಗದಗ, ಹಾವೇರಿ, ಕೊಪ್ಪಳಗಳ ಕಡೆಯಿಂದ ಬಂದವರು. ಊರಿನಲ್ಲಿ ತುಂಡು ಹೊಲವಿದ್ದವರು ಬಿತ್ತನೆಗೆ ಹೋಗುತ್ತಾರೆ, ಜಾತ್ರೆಗೆ ಹೋಗುತ್ತಾರೆ, ಮಕ್ಕಳನ್ನೂ ಕರೆದೊಯ್ಯುತ್ತಾರೆ. ದಾಮೋದರ ಸಪ್ತಾಹದ ಜಾತ್ರೆಯಲ್ಲಿ ಅಂಗಡಿ ಹಾಕಿದವರ ಮಕ್ಕಳು ಅಷ್ಟು ದಿನವೂ ಅಂಗಡಿಯಲ್ಲೇ. ಕನ್ನಡ ಪಾಠದಲ್ಲಿ ಹದಿನೈದು ದಿನ ತಪ್ಪಿದರೆ ಒಂದು ಪದ್ಯ ತಪ್ಪೀತು. ಮುಂದಿನ ಪದ್ಯವನ್ನು ಓದಬಹುದು. ಲೆಕ್ಕದಲ್ಲಿ ಹಾಗಲ್ಲ. ಭಿನ್ನರಾಶಿ ನಡೆಯುವಾಗ ಊರಿಗೆ ಹೋದ ಹುಡುಗನಿಗೆ ಮುಂದೆ ಅನುಪಾತವೂ ತಿಳಿಯದು, ಬಡ್ಡಿಯೂ ತಿಳಿಯದು, ಬೀಜಗಣಿತವಂತೂ ದೂರವೇ ಉಳಿಯಿತು. ಕಿತ್ತುಹೋದ ಮೆಟ್ಟಿಲು ಎಲ್ಲಿದೆಯೆಂದು ಹುಡುಕುವುದೇ ಮನೆಪಾಠದ ಮುಕ್ಕಾಲು ಕೆಲಸ. ಎಂಟನೆಯ ತರಗತಿಯವನ ರೋಗದ ಮೂಲ ಅನೇಕ ವೇಳೆ ನಾಲ್ಕನೆಯ ತರಗತಿಯಲ್ಲಿ ಸಿಕ್ಕುತ್ತದೆ.

ಇದರ ಜೊತೆಗೆ ಮಾಧ್ಯಮದ ಬದಲಾವಣೆ. ಪ್ರಾಥಮಿಕ ಶಾಲೆಯಲ್ಲಿ ಕನ್ನಡದಲ್ಲಿ ಕಲಿತ ನಮ್ಮ ಮಕ್ಕಳಲ್ಲಿ ಬಹುಮಂದಿ ಮುಂದೆ ಇಂಗ್ಲಿಷ್ ಮಾಧ್ಯಮವನ್ನು ಸೇರಬೇಕಾಗುತ್ತದೆ. ಅಂಥ ಹುಡುಗಿಯೊಬ್ಬಳು ಡಿನಾಮಿನೇಟರ್, ನ್ಯೂಮರೇಟರ್ ಎಂದು ಬಾಯಿಪಾಠ ಹೇಳುತ್ತಲೇ, ಅರ್ಧಕ್ಕೆ ಮೂರನೆಯ ಒಂದು ಪಾಲನ್ನು ಕೂಡಿಸಿ ಐದನೆಯ ಎರಡು ಪಾಲೆಂದು ಉತ್ತರ ಬರೆದಳು. ಮೇಲಿನದಕ್ಕೆ ಮೇಲಿನದನ್ನು, ಕೆಳಗಿನದಕ್ಕೆ ಕೆಳಗಿನದನ್ನು ಕೂಡಿಸಿದ್ದಳು. ನಾನು ಪಂಡಿತನ ಚಾಳಿಯಂತೆ ಶಬ್ದಾರ್ಥಕ್ಕೆ ಇಳಿದೆನು. "ಛೇದವೆಂದರೆ ಕತ್ತರಿಸುವುದು; ರೊಟ್ಟಿಯನ್ನು ಎಷ್ಟು ತುಂಡಾಗಿ ಮುರಿದೆವು ಎಂಬುದು. ಅಂಶವೆಂದರೆ ನಿನ್ನ ತಾಟಿಗೆ ಬಂದ ಪಾಲು. ಅರ್ಧ ರೊಟ್ಟಿ ತಿಂದು ಮತ್ತಷ್ಟು ತಿಂದರೆ ಅರ್ಧಕ್ಕಿಂತ ಕಡಿಮೆಯಾದೀತೇ?" ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಛೇದ ನನಗ ಬರತಿತ್ತು ಸರ್. ಡಿನಾಮಿನೇಟರ್ ಅಂದ್ರ ಅದ ಅಂತ ಯಾರೂ ಹೇಳಿರಲಿಲ್ಲ" ಎಂದಳು. ಎರಡು ವರ್ಷ ಆ ಮಗು ತನಗೆ ಗೊತ್ತಿದ್ದ ವಿದ್ಯೆಯನ್ನು ಗೊತ್ತಿಲ್ಲವೆಂದು ನಂಬಿಕೊಂಡಿತ್ತು.

ಒಂದು ಸೋಲನ್ನು ಹೇಳಲೇಬೇಕು. ಹದಿನಾಲ್ಕು ವರ್ಷದ ಹುಡುಗನೊಬ್ಬ ಬಂದನು. ಏಳರ ಮಗ್ಗಿಯೂ ಬಾರದು. ಶಾಸ್ತ್ರೋಕ್ತವಾಗಿ ಬುನಾದಿಯಿಂದ ಕಟ್ಟೋಣವೆಂದು ನಾನು ಅವನನ್ನು ಮೂರನೆಯ ತರಗತಿಯ ಮಕ್ಕಳ ಸಾಲಿನಲ್ಲಿ ಕುಳ್ಳಿರಿಸಿದೆನು. ಲೆಕ್ಕದ ದೃಷ್ಟಿಯಿಂದ ಅದು ಸರಿಯಾದ ಜಾಗವೇ ಆಗಿತ್ತು. ಅವನ ಮೀಸೆ ಚಿಗುರುತ್ತಿದ್ದುದನ್ನು ನಾನು ಗಮನಿಸಲಿಲ್ಲ. ಚಿಕ್ಕ ಹುಡುಗಿಯೊಬ್ಬಳು ಅವನಿಗಿಂತ ಮುಂಚೆ ಏಳೆಂಟಲ ಐವತ್ತಾರು ಎಂದು ಕೂಗಿದಾಗ ಎಲ್ಲರೂ ನಕ್ಕರು. ನಾನೂ ನಕ್ಕೆನೆಂದು ನೆನಪು. ಮೂರನೆಯ ದಿನ ಅವನು ಬರಲಿಲ್ಲ. ಕೆಲವು ತಿಂಗಳ ಮೇಲೆ ಕಟ್ಟಡವೊಂದರ ಮುಂದೆ ಉಸುಕಿನ ಬುಟ್ಟಿ ಹೊತ್ತಿದ್ದವನು ನನ್ನನ್ನು ಕಂಡು ಮುಖ ತಿರುಗಿಸಿದನು. ಅಂದಿನಿಂದ ಒಂದು ಉಪಾಯ ಮಾಡಿದ್ದೇನೆ. ಮಗ್ಗಿ ಬಾರದ ದೊಡ್ಡ ಹುಡುಗನ ಕೈಯಲ್ಲಿ ಪುಸ್ತಕವನ್ನು ಕೊಟ್ಟು, ಚಿಕ್ಕವರ ಮಗ್ಗಿಯನ್ನು ಒಪ್ಪಿಸಿಕೊಳ್ಳುವ ಅಧಿಕಾರವನ್ನು ವಹಿಸುತ್ತೇನೆ. ಹದಿನೈದು ದಿನ ಒಪ್ಪಿಸಿಕೊಂಡವನಿಗೆ ತಾನಾಗಿಯೇ ಬಾಯಿಗೆ ಬಂದಿರುತ್ತದೆ, ಮಾನವೂ ಉಳಿದಿರುತ್ತದೆ. ಆದರೆ ಮೊದಲನೆಯವನು ಈ ಉಪಾಯಕ್ಕೆ ಮುಂಚೆಯೇ ಹೊರಟುಹೋಗಿದ್ದನು.

ಇನ್ನು ದೊಡ್ಡವರು. ಇವರಿಗೆ ಕಲಿಸುವುದು ಸುಲಭವೆಂದೂ ಹೇಳಲಾರೆ, ಕಷ್ಟವೆಂದೂ ಹೇಳಲಾರೆ. ಅಕ್ಷರ ಬಾರದಿದ್ದರೂ ಅವರಲ್ಲಿ ಲೆಕ್ಕವಿದೆ. ಬೆರಳಿಗೆ ನಾಲ್ಕರಂತೆ ನಾಲ್ಕು ಬೆರಳುಗಳ ಮೇಲೆ ಹೆಬ್ಬೆರಳನ್ನಾಡಿಸಿ ಹದಿನಾರು ಎಣಿಸುವ ಅಜ್ಜಿಯರನ್ನು ತಾವೂ ಕಂಡಿರಬಹುದು. ದಶಮಾಂಶ ನಾಣ್ಯ 1957ರಲ್ಲಿ ಬಂದು, ನಾಲ್ಕಾಣೆಯೆಂದು ಕರೆಯುತ್ತಿದ್ದ 25 ಪೈಸೆಯ ನಾಣ್ಯವೇ 2011ರಲ್ಲಿ ಚಲಾವಣೆಯಿಂದ ಹೋದರೂ, ಕಾಲು ರೂಪಾಯಿ ಅವರಿಗೆ ಇಂದಿಗೂ ನಾಲ್ಕಾಣೆಯೇ.

ನಮ್ಮ ಪಾಠಕ್ಕೆ ಗವಂಡಿ ಕೆಲಸದವರೊಬ್ಬರು ಬರುತ್ತಾರೆ. ಉಸುಕಿನ ಬ್ರಾಸಿನ ಲೆಕ್ಕದಲ್ಲಿ ಮೋಸಹೋಗಬಾರದೆಂದು ಬಂದವರು. ಒಂದು ಬ್ರಾಸ್ ಎಂದರೆ ನೂರು ಘನ ಅಡಿ. ಅವರು ಬಂದ ದಿನ ಒಂಬತ್ತನೆಯ ತರಗತಿಯ ಹುಡುಗನು ಲಂಬಕೋನ ತ್ರಿಭುಜದ ಪ್ರಮೇಯವನ್ನು ಗಟ್ಟಿಯಾಗಿ ಒಪ್ಪಿಸುತ್ತಿದ್ದನು. ಅವರು ಕೇಳುತ್ತ ಕುಳಿತು, ಆಮೇಲೆ ದಾರವೊಂದನ್ನು ಬೇಡಿ, ನಮ್ಮ ಕಟ್ಟೆಯ ಮೂಲೆಯ ಒಂದು ಬದಿಗೆ ಮೂರು ಅಡಿ, ಇನ್ನೊಂದು ಬದಿಗೆ ನಾಲ್ಕು ಅಡಿ ಗುರುತು ಮಾಡಿ, ಗುರುತುಗಳ ನಡುವೆ ದಾರ ಹಿಡಿದರು. ಐದು ಅಡಿಗೆ ಎರಡು ಬೆರಳು ಕಡಿಮೆ. "ಗುರುಗಳ, ನಿಮ್ಮ ಕಟ್ಟಿ ಕಾಟಕೋನ ಇಲ್ರೀ, ಸೊಟ್ಟ ಐತಿ" ಎಂದರು. ದೊಡ್ಡ ಪಾಯವಾದರೆ ಆರು, ಎಂಟು, ಹತ್ತು ಹಿಡಿಯುವರಂತೆ. ಹುಡುಗನು ಒಪ್ಪಿಸುವುದನ್ನು ನಿಲ್ಲಿಸಿ ಅವರ ದಾರವನ್ನೇ ನೋಡುತ್ತಿದ್ದನು. ಬೌಧಾಯನನ ಶುಲ್ಬಸೂತ್ರವನ್ನು ಓದದ ಈ ಮಹನೀಯರ ಕೈಯಲ್ಲಿ ಅದರ ತತ್ತ್ವವಿತ್ತು. ಆ ಹುಡುಗನ ಬಾಯಲ್ಲಿ ಬರಿಯ ಅದರ ಮಾತಿತ್ತು. ಅಂದು ನಾನು ಪಾಠ ಮಾಡಬೇಕಾಗಿ ಬರಲಿಲ್ಲ.

ಇದಕ್ಕಿಂತಲೂ ನನ್ನ ಮನಸ್ಸಿನಲ್ಲಿ ನಿಂತುದು ಇನ್ನೊಂದು. ಕಾಯಿಪಲ್ಲೆ ಮಾರುವ ತಾಯಿಯೊಬ್ಬರು ದಿನದ ವಸೂಲಿಯ ಸಾಲದ ಲೆಕ್ಕವನ್ನು ತಂದರು. ಹತ್ತು ಸಾವಿರ ಸಾಲ. ಸಾವಿರವನ್ನು ಮೊದಲೇ ಮುರಿದುಕೊಂಡು ಒಂಬತ್ತು ಸಾವಿರ ಕೈಗೆ ಕೊಡುವುದು. ದಿನಕ್ಕೆ ನೂರರಂತೆ ನೂರು ದಿನ ತೀರಿಸುವುದು. ಕೊಟ್ಟವರು ಇದಕ್ಕೆ ನೂರಕ್ಕೆ ಹತ್ತು ಎನ್ನುತ್ತಾರೆ. ಹತ್ತನೆಯ ತರಗತಿಯ ಹುಡುಗನು ಉತ್ಸಾಹದಿಂದ, "ಹತ್ತಲ್ಲ, ಕೈಗೆ ಬಂದದ್ದು ಒಂಬತ್ತು ಸಾವಿರ, ಆದುದರಿಂದ ಹನ್ನೊಂದು ಚಿಲ್ಲರೆ" ಎಂದು ತಿದ್ದಿದನು. ನಾನೂ ತಲೆಯಾಡಿಸಿದೆನು. ಆ ತಾಯಿ ಒಪ್ಪಲಿಲ್ಲ. "ಅಲ್ಲೋ ತಮ್ಮಾ, ಮೊದಲನೇ ದಿನದಿಂದನ ನಾ ತಿರುಗಿ ಕೊಡಾಕ ಹತ್ತಿರತೇನಿ. ನೂರು ದಿನಾ ಆ ರೊಕ್ಕ ನನ್ನ ಕೈಯಾಗ ಎಲ್ಲಿತ್ತು?" ಎಂದು ಕೇಳಿದರು.

ಹುಡುಗನೂ ನಾನೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡೆವು. ಸೂತ್ರ ಬಲ್ಲವರಿಬ್ಬರಿಗೂ ಕಾಣದ್ದು ಅಕ್ಷರವರಿಯದ ಅವರಿಗೆ ಕಂಡಿತ್ತು. ಮತ್ತೆ ಕುಳಿತು ಲೆಕ್ಕ ಹಾಕಿದೆವು. ಒಂಬತ್ತು ಸಾವಿರವು ದಿನದಿನಕ್ಕೆ ಕರಗಿ ಕಡೆಗೆ ಸೊನ್ನೆಯಾಗುವುದರಿಂದ, ಸರಾಸರಿಯಲ್ಲಿ ಅವರ ಕೈಯಲ್ಲಿದ್ದುದು ನಾಲ್ಕೂವರೆ ಸಾವಿರ ಮಾತ್ರ. ಅದಕ್ಕೆ ನೂರು ದಿನಕ್ಕೆ ಸಾವಿರ ರೂಪಾಯಿ; ಅಂದರೆ ನೂರಕ್ಕೆ ಇಪ್ಪತ್ತೆರಡು; ವರ್ಷಕ್ಕೆ ಸ್ಥೂಲವಾಗಿ ನೂರಕ್ಕೆ ಎಂಬತ್ತೊಂದು. ನಾನು ಉತ್ತರವನ್ನು ಓದಿದಾಗ ಅವರು ಬಹಳ ಹೊತ್ತು ಮಾತನಾಡಲಿಲ್ಲ. ಅದೇ ಸಾಲವನ್ನು ಅವರು ಆರು ಸಲ ತೆಗೆದುಕೊಂಡಿದ್ದರು. ಲೆಕ್ಕ ಕಲಿತರೆ ಸಾಲ ತಪ್ಪುತ್ತದೆಂದು ನಾನು ಹೇಳಲಾರೆ. ಮಗಳ ಬಾಣಂತನಕ್ಕೆ ಏಳನೆಯ ಸಲವೂ ಅವರು ತೆಗೆದುಕೊಳ್ಳಬೇಕಾಯಿತು. ಆದರೆ ಆ ಸಲ ವಾದಿಸಿ, ಸಾವಿರಕ್ಕೆ ಬದಲಾಗಿ ಐನೂರು ಮಾತ್ರ ಮುರಿದುಕೊಳ್ಳುವಂತೆ ಒಪ್ಪಿಸಿ ಬಂದರು. ಹುಡುಗನು ಕೂಡಲೇ ಪಾಟಿ ಹಿಡಿದು, ವರ್ಷಕ್ಕೆ ನೂರಕ್ಕೆ ಸುಮಾರು ಮೂವತ್ತೆಂಟು ಎಂದು ತೆಗೆದು ತೋರಿಸಿದನು. ಅರ್ಧಕ್ಕಿಂತ ಕಡಿಮೆಯಾದುದು ಹೇಗೆಂದು ತಾಯಿ ಕೇಳಿದರು. ಅದನ್ನು ಬಿಡಿಸಿ ಹೇಳುವುದರಲ್ಲಿ ಅವನಿಗೆ ಪಠ್ಯಪುಸ್ತಕದ ಬಡ್ಡಿಯ ಅಧ್ಯಾಯ ಮೊದಲನೆಯ ಸಲ ಅರ್ಥವಾಯಿತೆಂದು ಅವನೇ ಹೇಳಿದ್ದಾನೆ.

ಬೇರೆ ಬೇರೆ ವಯಸ್ಸಿನವರನ್ನು ಒಟ್ಟಿಗೆ ಕುಳ್ಳಿರಿಸಿದರೆ ಯಾರಿಗೂ ಪಾಠವಾಗದೆಂದು ಕೆಲವು ಹಿತೈಷಿಗಳು ಹೇಳುತ್ತಾರೆ. ಅದರಲ್ಲಿ ನಿಜವಿಲ್ಲದಿಲ್ಲ. ಪರೀಕ್ಷೆಯ ದಿನಗಳಲ್ಲಿ ಹತ್ತನೆಯವರಿಗೆ ಚಿಕ್ಕವರ ಗದ್ದಲ ಸಾಕಾಗುತ್ತದೆ. ನನ್ನ ಗಂಟಲೂ ಹೋಗುತ್ತದೆ. ಆದರೂ ಚಾಪೆಯನ್ನು ಎರಡು ಮಾಡಲು ನನಗೆ ಮನಸ್ಸು ಬಂದಿಲ್ಲ.

ಕನ್ನಡಿಗರಿಗೆ ಗಣಿತ ಹೊಸದಲ್ಲ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನು ಗಣಿತಸಾರಸಂಗ್ರಹವನ್ನು ಸಂಸ್ಕೃತದಲ್ಲಿ ಬರೆದನು. ಹನ್ನೆರಡನೆಯ ಶತಮಾನದ ರಾಜಾದಿತ್ಯನು ವ್ಯವಹಾರಗಣಿತವನ್ನು ಕನ್ನಡದಲ್ಲಿಯೇ ಬರೆದನು. ಮಹಾವೀರನಿಗೆ ಒಂದು ವಿನೋದವಿತ್ತು: ಗುಣಿಸಿದರೆ ಬರುವ ಉತ್ತರವು ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿ, ಕೊರಳ ಹಾರದಂತೆ ಕಾಣುವ ಲೆಕ್ಕಗಳನ್ನು ಕಟ್ಟುವುದು. ಪರೀಕ್ಷೆ ಮುಗಿದ ಸಂಜೆ ಅಂಥದೊಂದನ್ನು ಕೊಡುತ್ತೇನೆ: 142857143ನ್ನು 7ರಿಂದ ಗುಣಿಸಿರಿ. ಏಳರ ಮಗ್ಗಿ ಬಂದರೆ ಸಾಕು; ಎರಡನೆಯ ತರಗತಿಯವಳೂ ಮಾಡಬಹುದು, ಗವಂಡಿಯವರೂ ಮಾಡಬಹುದು. ಉತ್ತರ 1000000001 ಎಂದು ಬಂದಾಗ ಚಾಪೆಯ ಮೇಲೆ ಏಳುವ ಕೇಕೆಯೇ ನನ್ನ ಸಂಬಳ. ಕಾಯಿಪಲ್ಲೆಯ ತಾಯಿ ಮಾತ್ರ ಆ ಸೊನ್ನೆಗಳನ್ನು ನೋಡಿ, "ನಡುವ ಬರೀ ಸೊನ್ನಿನ ಐತಲ್ರೀ, ಇದು ಯಾರ ಸಾಲ?" ಎಂದರು.

ಸಮಯ ಮೀರುತ್ತಿದೆಯೆಂದು ಅಧ್ಯಕ್ಷರು ಗಡಿಯಾರದ ಕಡೆಗೆ ನೋಡುತ್ತಿದ್ದಾರೆ. ಎರಡು ಬೇಡಿಕೆಗಳಿವೆ. ತಮ್ಮ ಮನೆಗಳಲ್ಲಿ ಹಳೆಯ ಕನ್ನಡ ಮಾಧ್ಯಮದ ಗಣಿತ ಪುಸ್ತಕಗಳಿದ್ದರೆ ರದ್ದಿಗೆ ಹಾಕದೆ ನಮ್ಮ ಕಟ್ಟೆಗೆ ಕಳುಹಿಸಿರಿ. ಛೇದವೆಂದರೇನೆಂದು ತೋರಿಸಲು ಅವು ಬೇಕು. ಎರಡನೆಯದು, ತ್ರಿಕೋನಮಿತಿಯಲ್ಲಿ ನನ್ನ ಬಂಡವಾಳ ಮುಗಿಯುತ್ತದೆ. ಕಾಲೇಜಿನಲ್ಲಿ ಗಣಿತ ಓದುತ್ತಿರುವ ತಮ್ಮ ಮಗನೋ ಮಗಳೋ ವಾರಕ್ಕೆ ಎರಡು ಸಂಜೆ ಬಂದರೆ ಹತ್ತನೆಯವರಿಗೆ ಉಪಕಾರವಾದೀತು. ಪಾಠ ಏಳು ಗಂಟೆಗೆ. ಕಟ್ಟೆ ಸ್ವಲ್ಪ ಸೊಟ್ಟಗಿದೆ. ಗುರುತು ಹಿಡಿಯಲು ಅನುಕೂಲ.